ಮೂರನೇ ಲೋಟ ಕೇಳಬೇಡಿ

ಹೊಸ ಪ್ರೋಗ್ರಾಮರ್ ಸಂದರ್ಶನದ ಕುರ್ಚಿಯಲ್ಲಿ ಕೂರುವಷ್ಟರಲ್ಲೇ ಪ್ರಶ್ನೆ ಹಾಜರು: ಎರಡು ವೇರಿಯಬಲ್‌ಗಳ ಬೆಲೆಯನ್ನು ಮೂರನೆಯದಿಲ್ಲದೆ ಅದಲುಬದಲು ಮಾಡಿ! ಒಂದು ಲೋಟದ ಕಾಫಿ, ಇನ್ನೊಂದರ ಚಹಾ ಬದಲಿಸಲು ಯಾರಾದರೂ ಮೂರನೇ ಲೋಟ ಹುಡುಕುತ್ತಾರೆ; ಸಂದರ್ಶಕರಿಗೆ ಮಾತ್ರ ಪಾತ್ರೆ ಉಳಿಸುವ ಚಪಲ.

ಉತ್ತರ ಬಾಯಿಪಾಠ: ಒಮ್ಮೆ ಕೂಡು, ಎರಡು ಸಲ ಕಳೆ. ಜಾಣರು ಬಿಟ್ ಮಟ್ಟದ ಎಕ್ಸಾರ್ (XOR) ಎನ್ನುತ್ತಾರೆ. ಎರಡೂ ಹೆಸರು ಒಂದೇ ಮೆಮೊರಿ ಜಾಗಕ್ಕೆ ಬೆರಳು ತೋರಿಸಿದರೆ ಮಾತ್ರ ಈ ಉಪಾಯಗಳು ಬೆಲೆಯನ್ನೇ ಸೊನ್ನೆ ಮಾಡಿ ಕೈತೊಳೆದುಕೊಳ್ಳುತ್ತವೆ. ಪೈಥಾನ್‌ನವರಿಗೆ ಈ ತಾಪತ್ರಯವಿಲ್ಲ: ಎ, ಬಿ = ಬಿ, ಎ. ಮುಗಿಯಿತು.

ಮುಂದಿನದು ಫಿಜ್‌ಬಜ್. ಸಂಖ್ಯೆ 3ರಿಂದ ಭಾಗವಾದರೆ ಫಿಜ್, 5ರಿಂದಾದರೆ ಬಜ್, ಎರಡರಿಂದಲೂ ಆದರೆ ಫಿಜ್‌ಬಜ್. ಎಲ್ಸ್-ಇಫ್ ಸಾಲಿನಲ್ಲಿ 3ನ್ನೇ ಮೊದಲು ವಿಚಾರಿಸಿದರೆ, 15 ಬರೀ ಫಿಜ್ ಎಂದು ಜಾರಿಕೊಳ್ಳುತ್ತದೆ.

ವಿಂಗಡಿಸಿದ ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಹುಡುಕುವ ಬೈನರಿ ಸರ್ಚ್‌ನ ಕಥೆ ಇನ್ನೂ ಸ್ವಾರಸ್ಯ. ಎರಡು ತುದಿ ಕೂಡಿಸಿ 2ರಿಂದ ಭಾಗಿಸಿದರೆ ಮಧ್ಯ ಸಿಗಬೇಕಲ್ಲ? ಮೊತ್ತ 2,14,74,83,647 ದಾಟಿದರೆ ಜಾವಾದ 32 ಬಿಟ್ ಲೆಕ್ಕ ಋಣಸಂಖ್ಯೆಗೆ ಪಲ್ಟಿ ಹೊಡೆಯುತ್ತದೆ. ಜಾವಾ ಲೈಬ್ರರಿಯಲ್ಲೇ ಈ ದೋಷ ಸುಮಾರು 9 ವರ್ಷ ತಣ್ಣಗೆ ಕೂತಿತ್ತೆಂದು 2006ರಲ್ಲಿ ಜೋಶುವಾ ಬ್ಲಾಕ್ ಬರೆದರು. ಆ ಕೋಡ್ ಬರೆದವರೂ ಅವರೇ! ಪರಿಹಾರ ಒಂದು ಸಾಲಿನದು: ತುದಿಗಳ ಅಂತರದ ಅರ್ಧವನ್ನು ಕೆಳತುದಿಗೆ ಕೂಡಿಸುವುದು.