ರೂಪಾಯಿಗೆ ಹದಿನೇಳಾಣೆ

ಹುಲಕೋಟಿ ಊರಿನವರ ಮುಂದೆ ವಿಶ್ವದ ಲೆಕ್ಕ ಇಟ್ಟರೂ ಮೊದಲು ಕಿರ್ದಿ ಪುಸ್ತಕ ತೋರಿಸಿ ಎನ್ನುತ್ತಾರೆ. ತಪ್ಪೇನಿಲ್ಲ. ಇದೇ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ಧನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಕಿರ್ದಿಗೂ ಖಾತೆಗೂ ತಾಳೆಯಾಗದಿದ್ದರೆ ಈ ಸೀಮೆಯಲ್ಲಿ ಪ್ರಶ್ನೆ ಒಂದೇ: ಯಾರು ತಪ್ಪು ಬರೆದರು?

ವಿಶ್ವವಿಜ್ಞಾನಿಗಳ ಸಂಘದಲ್ಲೂ ಈಗ ಎರಡು ಪುಸ್ತಕ. ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂದು ಕೇಳಿದರೆ ಪ್ಲಾಂಕ್ ಉಪಗ್ರಹದವರು 67.4 ಎನ್ನುತ್ತಾರೆ. ವಿಶ್ವಕ್ಕೆ 3.8 ಲಕ್ಷ ವರ್ಷವಾಗಿದ್ದಾಗ ಹೊರಟ ಬೆಳಕನ್ನು ಓದಿ, ಸಮೀಕರಣ ಹಿಡಿದುಕೊಂಡು ಇಂದಿನವರೆಗೆ ನಡೆದು ಬಂದ ಲೆಕ್ಕ ಅದು. ಖಗೋಳವಿಜ್ಞಾನಿ ಆಡಂ ರೀಸ್ ತಂಡ ಸೆಫೀಡ್ ನಕ್ಷತ್ರ, ಸೂಪರ್‌ನೋವಾಗಳನ್ನು ಮೆಟ್ಟಿಲು ಮಾಡಿಕೊಂಡು ಅಳೆದು 73 ಎನ್ನುತ್ತದೆ. (ಮೆಗಾಪಾರ್ಸೆಕ್ ದೂರಕ್ಕೆ, ಸೆಕೆಂಡಿಗೆ ಇಷ್ಟು ಕಿಲೋಮೀಟರ್.) ವೆಂಡಿ ಫ್ರೀಡ್‌ಮನ್ ತಂಡದ ಅಂಕಿ 70ರ ಆಸುಪಾಸು. ಎರಡೂ ಪಾಳಯಕ್ಕೆ ಒಟ್ಟಿಗೇ ಸಿಟ್ಟು ಬರಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಆಗ ಕೆಲವು ಪಂಡಿತರು ಎದ್ದು ನಿಂತರು. ಅಳತೆ ಎರಡೂ ಸರಿ, ಗುರುತ್ವವೇ ಆಗ ಬೇರೆ ಇತ್ತು ಎಂದರು. ಆದಿಯಲ್ಲಿ ಅದು ಒಂದಿಷ್ಟು ಜೋರಾಗಿತ್ತಂತೆ. ವಿಶ್ವ ಬೇಗ ಹಿಗ್ಗಿತಂತೆ. ಬೆಳಕು ಬಿಡುಗಡೆಯಾಗುವ ಮುನ್ನ ಶಬ್ದದ ಅಲೆ ಕ್ರಮಿಸಿದ ದೂರ ಅದರಿಂದ ಗಿಡ್ಡವಾಯಿತಂತೆ. ಆ ಗಿಡ್ಡ ಅಳತೆಗೋಲು ಹಿಡಿದರೆ 67 ಮೆಲ್ಲಗೆ ಮೇಲೇರುತ್ತದೆ. ಗಣಿತ ತಪ್ಪಿಲ್ಲ, ಭಯವಿರುವುದೇ ಅಲ್ಲಿ. ಆದರೆ ಕ್ಯಾಸಿನಿ ನೌಕೆಯ ರೇಡಿಯೋ ಅಲೆಗಳು ಸೂರ್ಯನ ಪಕ್ಕ ಹಾದುಬಂದದ್ದನ್ನು ಅಳೆದವರು ಲಕ್ಷದಲ್ಲಿ ಸುಮಾರು ಎರಡು ಪಾಲಿನ ನಿಖರತೆಯಲ್ಲಿ ನೋಡಿದರೂ ಐನ್‌ಸ್ಟೈನ್ ಜಾರಿಲ್ಲವೆಂದು 2003ರಲ್ಲೇ ಬರೆದಿಟ್ಟಿದ್ದಾರೆ. ಹಾಗಾಗಿ ಈ ಹೆಚ್ಚುವರಿ ಗುರುತ್ವ, ಅಳೆಯುವವರು ಹುಟ್ಟುವ ಮುಂಚೆಯೇ ತಾನಾಗಿ ಜಾಗ ಖಾಲಿ ಮಾಡಿರಬೇಕು. ಎಂಥ ಮರ್ಯಾದಸ್ಥ ಗುರುತ್ವ!

ಇದನ್ನು ಸಂಘದ ಕಟ್ಟೆಯ ಮೇಲೆ ವಿವರಿಸಿದರೆ ಮಾತು ಹೀಗೆ ಸಾಗೀತು:

"ಅಂದ್ರ, ಸಂಘ ಸುರುವಾದಾಗ ರೂಪಾಯಿಗೆ ಹದಿನೇಳಾಣೆ ಇತ್ತಂತಿ?"

"ಹೌದ್ರಿ ಕಾಕಾ."

"ಆಡಿಟರ್ ಬರೂದ್ರಾಗ ಹದಿನಾರಕ್ಕ ಇಳೀತು?"

"ತಾನಾಗೇ ಇಳೀತ್ರಿ."

"ನಿನ್ನ ಸೆಕ್ರೆಟರಿ ಮಾಡಿದ್ರ ಸಂಘ ಉಳದಂಗ, ತಮ್ಮಾ."

ಕಾಕಾನ ಮಾತಿನಲ್ಲೂ ಅರ್ಧ ಅನ್ಯಾಯವಿದೆ. ಬುಧಗ್ರಹದ ಲೆಕ್ಕ ತಾಳೆಯಾಗದೆ ಹೋದಾಗ ಇಲ್ಲದ ಗ್ರಹವೊಂದನ್ನು ಹುಡುಕಿ ಸುಸ್ತಾದವರಿದ್ದರು. 1915ರಲ್ಲಿ ಐನ್‌ಸ್ಟೈನ್ ಗುರುತ್ವವನ್ನೇ ತಿದ್ದಿ ಖಾತೆ ಸರಿಮಾಡಿದ. ಆ ಒಂದು ಜಯದ ನೆನಪಿನಲ್ಲೇ ಈಗ ಎಲ್ಲರಿಗೂ ಐನ್‌ಸ್ಟೈನ್ ಆಗುವ ಚಪಲ. ಹಿಗ್ಗುವಿಕೆಯ ತಕರಾರಿಗೆ ಸೂಚಿಸಿದ ಪರಿಹಾರಗಳನ್ನು 2021ರಲ್ಲಿ ಒಂದೆಡೆ ಕಲೆಹಾಕಿದ ಲೇಖನಕ್ಕೆ ಸಾವಿರಕ್ಕೂ ಹೆಚ್ಚು ಉಲ್ಲೇಖಗಳು ಬೇಕಾದವು. ಜಗಳ ಎರಡು ಅಂಕಿಯದು, ಸಮಜಾಯಿಷಿಯದು ದೊಡ್ಡ ಸಂತೆ.

ತಾಳೆಯಾಗದ್ದನ್ನು ತಾಳೆ ನೋಡುವ ಇನ್ನೊಂದು ದಾರಿ ನಮ್ಮ ರಾಜ್ಯದಲ್ಲೇ ಇದೆ, ಅದಕ್ಕೆ ಅಷ್ಟು ಗದ್ದಲವಿಲ್ಲ. ತಕರಾರು ಮಾತ್ರ ಬೇರೆಯದು. ಎಡ್ಜಸ್ ಎಂಬ ಪ್ರಯೋಗದವರು ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಆಂಟೆನಾ ಇಟ್ಟು, ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಗುರುತು 78 ಮೆಗಾಹರ್ಟ್ಜ್ ಬಳಿ ರೇಡಿಯೋ ಸಂಕೇತದಲ್ಲಿ ಒಂದು ತಗ್ಗಾಗಿ ಕಂಡಿತು ಎಂದು 2018ರಲ್ಲಿ ಹೇಳಿದರು. ತಗ್ಗು ನಿರೀಕ್ಷೆಗಿಂತ ಎರಡು ಪಟ್ಟಿಗೂ ಆಳ. ಸಿದ್ಧಾಂತಿಗಳಿಗೆ ಹಬ್ಬ. ಕೃಷ್ಣದ್ರವ್ಯ ಅನಿಲವನ್ನು ತಂಪು ಮಾಡಿರಬೇಕು ಎಂಬ ವಿವರಣೆ ಆ ವರದಿ ಬಂದ ಪತ್ರಿಕೆಯ ಅದೇ ಸಂಚಿಕೆಯಲ್ಲಿ ಸಿದ್ಧವಾಗಿತ್ತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಯಾವ ನಿಯಮವನ್ನೂ ತಿದ್ದಲಿಲ್ಲ. ಆಂಟೆನಾದ ಕೆಳಗಿನ ಮಣ್ಣೇ ಒಂದೊಂದು ಪದರದಿಂದ ಒಂದೊಂದು ಥರ ಪ್ರತಿಫಲಿಸಿ ಸುಳ್ಳು ಹೇಳಬಹುದೆಂಬ ಸಂಶಯ ಅವರದು. ಹಾಗಾಗಿ 2020ರಲ್ಲಿ ಸಾರಸ್-3 ಎಂಬ ಉಪಕರಣವನ್ನು ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲಿ, ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟರು. ನೀರಿಗೆ ಪದರಗಳ ರಗಳೆಯಿಲ್ಲ. 2022ರಲ್ಲಿ ಫಲಿತಾಂಶ ಪ್ರಕಟವಾಯಿತು: ಎಡ್ಜಸ್‌ನವರು ಹೇಳಿದ ಆಕಾರದ ತಗ್ಗು ಇಲ್ಲಿ ಕಾಣಲಿಲ್ಲ, ಹಾಗೆನ್ನಲು ಶೇ 95.3ರಷ್ಟು ವಿಶ್ವಾಸವಿದೆ.

ನಾಲ್ಕು ವರ್ಷ ಆ ತಗ್ಗಿಗೆ ಕಾರಣ ಕೊಟ್ಟ ಪ್ರಬಂಧಗಳು ಬಯೋಡೇಟಾಗಳಲ್ಲಿ ಸುಖವಾಗಿವೆ. ಯಾವುದಾದರೂ ಬಡ್ತಿ ಸಮಿತಿ ಅವನ್ನು ಎಣಿಕೆಯಿಂದ ತೆಗೆದ ಸುದ್ದಿ ಹುಲಕೋಟಿಗೆ ಇನ್ನೂ ಮುಟ್ಟಿಲ್ಲ.