ಇಡ್ಲಿ ಪಾತ್ರೆ ಎಲ್ಲಿಡೋದು?

ಮಾಡ್ಯುಲರ್ ಕಿಚನ್ ಶೋರೂಮುಗಳಲ್ಲಿ ಒಗ್ಗರಣೆಯ ಘಾಟು ಇರುವುದಿಲ್ಲ. ಬೆಂಗಳೂರಿನಲ್ಲಿ ನಾನು ಹೊಕ್ಕಲ್ಲೆಲ್ಲ ಫಳಫಳ ಕಟ್ಟೆ, ಅದರ ಮೇಲೆ ಗಾಜಿನ ಬಟ್ಟಲು, ಬಟ್ಟಲಲ್ಲಿ ಪ್ಲಾಸ್ಟಿಕ್ಕಿನ ಹಸಿರು ಸೇಬು. ತಿನ್ನುವ ಪದಾರ್ಥ ಅಂತ ಅಲ್ಲಿರುವುದು ಅದೊಂದೇ, ಅದನ್ನೂ ತಿನ್ನಲಾಗದು. ನಮ್ಮತ್ತೆ ಒಂದು ಡ್ರಾಯರ್ ಎಳೆದು ತಳ್ಳಿದರು. ಅದು ಸದ್ದಿಲ್ಲದೆ ತಾನಾಗಿ ಒಳಗೆ ಸರಿಯಿತು. "ಸಾಫ್ಟ್ ಕ್ಲೋಸ್ ಆಂಟಿ, ಜರ್ಮನ್ ಹಾರ್ಡ್‌ವೇರ್" ಎಂದ ಡಿಸೈನರ್ ಹುಡುಗ. "ಸಿಟ್ಟು ಬಂದಾಗ ಧಡಾರಂತ ಹಾಕೋಕೂ ಆಗಲ್ವಲ್ಲಪ್ಪ" ಎಂದರು ಅತ್ತೆ. ಆಮೇಲೆ ಕೇಳಿದರು, "ಇಡ್ಲಿ ಪಾತ್ರೆ ಎಲ್ಲಿಡೋದು?"

ಹುಡುಗ ಕಂಪ್ಯೂಟರ್ ತಿರುಗಿಸಿ ತೋರಿಸಿದ. ಪರದೆಯಲ್ಲಿ ನಮ್ಮದೇ ಅಡುಗೆಮನೆ, ಕಿಟಕಿಯಾಚೆ ಸಮುದ್ರ. ನಮ್ಮ ಕಿಟಕಿಯಾಚೆ ಇರುವುದು ಪಕ್ಕದ ಮನೆಯವರ ನೀರಿನ ಟ್ಯಾಂಕು.

ಅವನನ್ನು ಬೈಯುವಂತಿಲ್ಲ. ಕಿಚನ್ ಡಿಸೈನರುಗಳ ಕುಲದ ಮೂಲಪುರುಷ, ಅಲ್ಲ, ಮೂಲಸ್ತ್ರೀಯೇ ಹಾಗಿದ್ದವರು. ಆಸ್ಟ್ರಿಯದ ವಾಸ್ತುಶಿಲ್ಪಿ ಮಾರ್ಗರೇಟ್ ಶ್ಯುಟ್ಟೆ-ಲಿಹೊಟ್ಸ್ಕಿ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಹೊಸ ಬಡಾವಣೆಗಳಿಗೆ ಪುಟ್ಟ ಅಡುಗೆಮನೆಯೊಂದನ್ನು ರೂಪಿಸಿದರು. ಅಗಲ ಎರಡು ಮೀಟರಿಗೂ ಕಡಿಮೆ, ಉದ್ದ ಸುಮಾರು ಮೂರೂವರೆ. ಕಾರ್ಖಾನೆಯಲ್ಲಿ ಕೆಲಸಗಾರನ ಹೆಜ್ಜೆ ಎಣಿಸುವಂತೆ ಗೃಹಿಣಿಯ ಹೆಜ್ಜೆಗಳನ್ನೂ ಲೆಕ್ಕಹಾಕಿ, ಕೈಗೆಟಕುವಲ್ಲೇ ಎಲ್ಲ ಇಟ್ಟರು. ಸಕ್ಕರೆ, ಅಕ್ಕಿಗೆ ಹಿಡಿಯಿದ್ದ ಅಲ್ಯೂಮಿನಿಯಂ ಡಬ್ಬಿಗಳು. ಹಿಟ್ಟಿಗೆ ಮಾತ್ರ ಹುಳ ಹಿಡಿಯದಿರಲೆಂದು ಓಕ್ ಮರದ ಡ್ರಾಯರ್. ಅಂಥವು ಸುಮಾರು ಹತ್ತು ಸಾವಿರ ತಯಾರಾದವು. ಇಷ್ಟೆಲ್ಲ ಮಾಡಿದಾಕೆ, ಅದಕ್ಕೆ ಮೊದಲು ತಾನು ಅಡುಗೆಯನ್ನೇ ಮಾಡಿರಲಿಲ್ಲ ಎಂದು ಮುಂದೆ ಒಪ್ಪಿಕೊಂಡರು. ಆದರೂ ಹಿಟ್ಟಿನ ಹುಳದ ಚಿಂತೆ ಅವರಿಗಿತ್ತು. ನಮ್ಮ ಹುಡುಗನಿಗೆ ಅದೂ ಇರಲಿಲ್ಲ.

ಕೊಟೇಶನ್ನುಗಳದ್ದು ಬೇರೆಯೇ ಪುರಾಣ. ಒಬ್ಬರು ರನ್ನಿಂಗ್ ಫೀಟ್ ಲೆಕ್ಕ, ಇನ್ನೊಬ್ಬರು ಚದರಡಿ ಲೆಕ್ಕ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಅಗ್ಗವೆಂದು ಬ್ರಹ್ಮನಿಗೂ ತಿಳಿಯದು. ಗ್ರಾನೈಟ್, ಸಿಂಕ್, ನಲ್ಲಿ, ಚಿಮಣಿ, ಜಿಎಸ್‌ಟಿ ಇವೆಲ್ಲ ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ ಅಡಗಿ ಕೂತಿರುತ್ತವೆ. ಹಾಗಾಗಿ ನಾನು ಬಣ್ಣದ ಕ್ಯಾಟಲಾಗ್ ಮುಚ್ಚಿಟ್ಟು ಹಲಗೆಯ ವಿಚಾರಕ್ಕೆ ಬಂದೆ. "ವಾಟರ್‌ಪ್ರೂಫ್ ಸರ್" ಎಂದು ಎಲ್ಲರೂ ಹೇಳುತ್ತಾರೆ. ಎಂ.ಆರ್. ಅಂದರೆ ತೇವ ತಡೆಯುವ ಪ್ಲೈವುಡ್, ಅದು ಬೀರುವಿಗೆ ಸಾಕು. ಸಿಂಕಿನ ಕೆಳಗೆ ಬೇಕಾದದ್ದು ಐಎಸ್ 710 ದರ್ಜೆಯದು. ಅದರ ಅಂಟಿನ ಪರೀಕ್ಷೆಗೆ ತುಂಡನ್ನು 72 ಗಂಟೆ ನೀರಲ್ಲಿ ಕುದಿಸುತ್ತಾರೆ, ಪದರ ಬಿಡಬಾರದು. "ಅಷ್ಟು ಹೊತ್ತು ಬೇಯಿಸಿದರೆ ನಮ್ಮ ರೇಷನ್ ಬೇಳೆಯೂ ಮೆತ್ತಗಾಗುತ್ತೆ" ಎಂದರು ಅತ್ತೆ. ಹಲಗೆಯ ಮೇಲಿನ ಐಎಸ್‌ಐ ಮೊಹರು ತೋರಿಸಿ ಎಂದಾಗ ಒಂದು ಕಡೆ ಕಾಫಿ ತರಿಸಿದರು, ಇನ್ನೊಂದು ಕಡೆ ಗೋಡೌನಿಗೆ ಕರೆದೊಯ್ದರು. ಕಾಫಿ ಚೆನ್ನಾಗಿತ್ತು; ಆರ್ಡರ್ ಕೊಟ್ಟದ್ದು ಗೋಡೌನಿನವರಿಗೆ. ಅವರಿಗೂ ಒಂದು ಪ್ರಶ್ನೆ ಹಾಕಿದೆ: ಕೂರಿಸುವವರು ನಿಮ್ಮವರೋ, ಗುತ್ತಿಗೆಯವರೋ? ಕಿಚನ್ ಕೊಳ್ಳುವವರು ಮೊದಲು ಕೇಳಬೇಕಾದದ್ದೇ ಅದು. ಪೆಟ್ಟಿಗೆಗಳನ್ನು ಯಂತ್ರ ಕತ್ತರಿಸುತ್ತದೆ, ಕಿಚನ್ ಮಾಡುವವನು ಫಿಟ್ಟರ್.

ಬಂದವನು ರಾಜಸ್ಥಾನದ ಕಡೆಯ ಹುಡುಗ. ಕಿವಿಯ ಮೇಲೆ ಪೆನ್ಸಿಲು, ಅರ್ಧ ಹಿಂದಿ, ಅರ್ಧ ಕನ್ನಡ. ಪೆಟ್ಟಿಗೆ ಬಿಚ್ಚುವ ಮೊದಲೇ ಗೋಡೆಗೆ ಮೂಲೆಮಟ್ಟ ಹಿಡಿದು "ಸೊಟ್ಟ ಇದೆ ಅಣ್ಣ" ಎಂದ. ಪರದೆಯ ಮೇಲೆ ಎರಡು ಗೋಡೆಗಳು ಖಡಕ್ಕಾಗಿ 90 ಡಿಗ್ರಿಗೆ ಕೂಡಿದ್ದವು. ನಮ್ಮ ಬಿಲ್ಡರ್ ಮಾತ್ರ ರೇಖಾಗಣಿತದ ಹಂಗಿಗೆ ಬಿದ್ದವನಲ್ಲ. ಹುಡುಗ ಗೊಣಗಲಿಲ್ಲ. ಮೂಲೆಯಲ್ಲಿ ಸಣ್ಣ ಫಿಲ್ಲರ್ ಪಟ್ಟಿ ಕೊಟ್ಟ, ರಸಮಟ್ಟ ಇಟ್ಟು ಕ್ಯಾಬಿನೆಟ್ಟಿನ ಕಾಲುಗಳನ್ನು ತಿರುವಿ ತಿರುವಿ ಸಮ ಮಾಡಿದ. ಸಿಲಿಂಡರ್ ಗೂಡಿಗೆ ಬಂದ ಬಾಗಿಲು ಪೂರಾ ಮುಚ್ಚಿದ್ದು. "ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ನಿಲ್ಲುತ್ತೆ" ಎಂದು ಅದನ್ನು ವಾಪಸು ಕಳಿಸಿ, ಕೆಳಗೆ ಜಾಲರಿ ಇರುವುದನ್ನು ತರಿಸಿದ. ಡಿಸೈನರಿಗೆ ಫೋನಿನಲ್ಲಿ ಅವನು ಹಿಂದಿಯಲ್ಲಿ ಹೇಳಿದ್ದನ್ನು ಬರೆಯುವಂತಿಲ್ಲ.

ಮೇಲಿನ ಕ್ಯಾಬಿನೆಟ್ಟಿಗೆ ಗೋಡೆ ಕೊರೆಯುವ ಹೊತ್ತು ಬಂತು. ನಕ್ಷೆಯಲ್ಲಿ ಕಟ್ಟೆಯಿಂದ 24 ಇಂಚು ಮೇಲೆ ಎಂದಿತ್ತು. ಡ್ರಿಲ್ ಕೆಳಗಿಟ್ಟು ಅತ್ತೆಯನ್ನು ಕರೆದ. "ಅಮ್ಮಾ, ಇಲ್ಲಿ ನಿಂತ್ಕೊಳ್ಳಿ. ಸಾರಿನ ಪುಡಿ ಡಬ್ಬಿ ತಗೊಳ್ಳೋ ಹಂಗೆ ಕೈ ಎತ್ತಿ." ಅತ್ತೆ ಎತ್ತಿದರು. ಅವರ ಕೈ ಮುಟ್ಟಿದಲ್ಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಲೆಕ್ಕ ಹಾಕಿ, ನಕ್ಷೆಗಿಂತ ನಾಲ್ಕು ಇಂಚು ಕೆಳಗೆ ಕೊರೆದ. ಈಗ ಪಾತ್ರೆ ತೊಳೆಯುವಾಗ ನನ್ನ ಹಣೆ ಅದಕ್ಕೆ ಬಡಿಯುತ್ತದೆ. ಮನೆಯಲ್ಲಿ ಈ ಬಗ್ಗೆ ಯಾರಿಗೂ ಬೇಸರವಿಲ್ಲ.

ಒಟ್ಟು ಹಣದಲ್ಲಿ ಕೊನೆಯ ಹತ್ತು ಪರ್ಸೆಂಟ್ ಕೊಡದೆ ಇಟ್ಟುಕೊಂಡಿದ್ದೆ. ಹೊಸ ಬಾಗಿಲುಗಳು ಭಾರಕ್ಕೆ ಒಂಚೂರು ಜೋತು ಒಂದಕ್ಕೊಂದು ಉಜ್ಜುವುದು ಸಾಮಾನ್ಯ, ಆಗ ಕಂಪನಿಯವರು ಫೋನ್ ಎತ್ತಬೇಕಲ್ಲ. ಆ ಉಪಾಯ ಬೇಕಾಗಲೇ ಇಲ್ಲ. ಅತ್ತೆ ನನಗೆ ತಿಳಿಸದೆ ನೇರ ಹುಡುಗನಿಗೇ ಫೋನ್ ಮಾಡಿದ್ದರು. ಅವನು ಭಾನುವಾರ ಬಂದು ಹಿಂಜಿನ ತಿರುಪು ಬಿಗಿಮಾಡಿ, ಮೂರು ಇಡ್ಲಿ ತಿಂದು ಹೋದ.

ಪಾತ್ರೆ ಇದ್ದದ್ದು ಎಲ್ಲಿ ಅಂತೀರಾ? ಮೂಲೆಯಲ್ಲಿ ಫಿಲ್ಲರ್ ಪಟ್ಟಿಯ ಪಕ್ಕ ಅವನೇ ಹೊಂದಿಸಿಕೊಟ್ಟ ಗೂಡಿನಲ್ಲಿ. ಮೊನ್ನೆ ಎದುರುಮನೆಯವರು ಬಂದು ಬಾಗಿಲುಗಳನ್ನೆಲ್ಲ ತೆಗೆದು ಮುಚ್ಚಿ ನೋಡಿ, "ಯಾವ ಕಂಪನೀದು?" ಎಂದರು.

"ಕಂಪನಿ ಗಿಂಪನಿ ನಂಗೊತ್ತಿಲ್ಲಮ್ಮ" ಎಂದರು ಅತ್ತೆ. "ಹುಡುಗನ ನಂಬರ್ ಬೇಕಾದ್ರೆ ಬರ್ಕೊ."