ನಮ್ಮ ಕಮಿಷನರ್ ಸಾಹೇಬರು

ಹತ್ತು ಜನ ಸೇರಿದ ಕಡೆ ಲೆಕ್ಕ ಬರೆಯುವುದಕ್ಕೆಂದೇ ಜನ್ಮವೆತ್ತಿದ ಮಹನೀಯರೊಬ್ಬರು ಇದ್ದೇ ಇರುತ್ತಾರೆ. ಊರಿನಲ್ಲೇ ಉಳಿದಿದ್ದರೆ ಗಣೇಶೋತ್ಸವದ ಚಂದಾ ರಸೀದಿ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು, ಬೀದಿಯ ಒಂದೊಂದು ಬಾಗಿಲನ್ನೂ ತಟ್ಟುತ್ತ ಕೃತಾರ್ಥರಾಗಬಹುದಾಗಿದ್ದ ಇಂಥ ಜೀವವೊಂದು, ಪೂರ್ವಜನ್ಮದ ಸುಕೃತದಿಂದಲೋ ಎಚ್-1ಬಿ ವೀಸಾದ ಅನುಗ್ರಹದಿಂದಲೋ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯಕ್ಕೆ ಬಂದು, ರಾಲಿ ನಗರದ ಮಗ್ಗುಲಲ್ಲಿರುವ ಕ್ಯಾರಿ ಎಂಬ ಪಟ್ಟಣದಲ್ಲಿ ಮನೆಯನ್ನೂ ಅದರ ಹಿಂದೆಯೇ ಹುಲ್ಲು ಕತ್ತರಿಸುವ ಯಂತ್ರವನ್ನೂ ಕೊಂಡು ನೆಲೆಗೊಂಡಿತೆಂದರೆ, ಅದರ ಸುಪ್ತ ಪ್ರತಿಭೆ ಎಲ್ಲಿಯಾದರೂ ಒಂದು ಕಡೆ ಹೊರಬೀಳಲೇಬೇಕಷ್ಟೆ. ನಮ್ಮ ಸ್ನೇಹಿತರ ವಿಷಯದಲ್ಲಿ ಅದು ಹೊರಬಿದ್ದದ್ದು ಕಾಲೇಜು ಬ್ಯಾಸ್ಕೆಟ್‌ಬಾಲಿನ ಬ್ರ್ಯಾಕೆಟ್ ಪೂಲಿನಲ್ಲಿ. ತಲೆಗೆ ಇಷ್ಟೆಂದು ಹಣ ಹಾಕಿ, ಪಂದ್ಯಾವಳಿಯ ಫಲಿತಾಂಶಗಳನ್ನು ಎಲ್ಲರಿಗಿಂತ ಚೆನ್ನಾಗಿ ಊಹಿಸಿದವರಿಗೆ ಅದನ್ನು ಒಪ್ಪಿಸುವ ಈ ಪೂಲನ್ನು ನಡೆಸುವವರಿಗೆ ಅಲ್ಲಿ ಕಮಿಷನರ್ ಎಂದು ಹೆಸರು. ಈ ಹುದ್ದೆಗೆ ಸಂಬಳವಿಲ್ಲ, ಚುನಾವಣೆಯಿಲ್ಲ, ನಿವೃತ್ತಿಯೂ ಇಲ್ಲ.

ಅಮೆರಿಕದ ಕಾಲೇಜುಗಳ ಈ ಪಂದ್ಯಾವಳಿ 1939ರಲ್ಲಿ ಎಂಟು ತಂಡಗಳಿಂದ ಆರಂಭವಾಗಿ, 1985ರಲ್ಲಿ 64ಕ್ಕೆ ಬೆಳೆದು, 2011ರಿಂದ 68 ತಂಡಗಳನ್ನು ಒಳಗೊಂಡಿದೆ. ಮಾರ್ಚ್ ತಿಂಗಳ ನಡುವಣ ಭಾನುವಾರ ಸಂಜೆ ತಂಡಗಳ ಪಟ್ಟಿ ಪ್ರಕಟವಾಗುತ್ತದೆ. ನಾಲ್ಕು ವಲಯಗಳು, ವಲಯಕ್ಕೆ ಒಂದರಿಂದ ಹದಿನಾರರವರೆಗೆ ಶ್ರೇಯಾಂಕಗಳು, ಸೋತವರು ಅಂದೇ ಮನೆಗೆ. ಪ್ರಾಥಮಿಕ ಸುತ್ತಿನ ನಾಲ್ಕು ಪಂದ್ಯಗಳನ್ನು ಬಿಟ್ಟರೆ ಒಟ್ಟು 63 ಪಂದ್ಯಗಳು. ಒಂದೊಂದರಲ್ಲಿಯೂ ಗೆಲ್ಲುವವರು ಯಾರೆಂಬುದನ್ನು ಗುರುವಾರ ಮಧ್ಯಾಹ್ನ ಆಟ ಆರಂಭವಾಗುವುದಕ್ಕೆ ಮುಂಚೆಯೇ ಬರೆದುಕೊಡುವುದಕ್ಕೆ ಬ್ರ್ಯಾಕೆಟ್ ತುಂಬುವುದು ಎನ್ನುತ್ತಾರೆ. ಇದನ್ನು ಸುಮಾರು 92 ಸಾವಿರ ಕೋಟಿ ಕೋಟಿ ವಿಧಗಳಲ್ಲಿ ತುಂಬಬಹುದು. 63ನ್ನೂ ಸರಿಯಾಗಿ ಹೇಳಿದವರಿಗೆ ನೂರು ಕೋಟಿ ಡಾಲರ್ ಬಹುಮಾನವೆಂದು 2014ರಲ್ಲಿ ಸಾರಲಾಯಿತು. ಅದರ ಹಿಂದೆ ನಿಂತಿದ್ದ ಕುಬೇರ ವಾರೆನ್ ಬಫೆಟ್ಟರು ಒಂದು ಕಾಸನ್ನೂ ಬಿಚ್ಚಬೇಕಾಗಲಿಲ್ಲ. 2019ರಲ್ಲಿ ಒಹಾಯೋದವರೊಬ್ಬರು ಮೊದಲ 49 ಪಂದ್ಯಗಳನ್ನು ತಪ್ಪಿಲ್ಲದೆ ನುಡಿದದ್ದನ್ನೇ ಜನ ಇಂದಿಗೂ ಪವಾಡವೆಂಬಂತೆ ಹೇಳಿಕೊಳ್ಳುತ್ತಾರೆ.

ಇಷ್ಟು ದೊಡ್ಡ ಮಾಯಾಬಜಾರಿನಲ್ಲಿ ನಮ್ಮ ಕಮಿಷನರ್ ಸಾಹೇಬರ ಕಣ್ಣು ಚೆಂಡಿನ ಮೇಲಿಲ್ಲ. ಅವರು ಚೆಂಡನ್ನು ಕೈಯಲ್ಲಿ ಹಿಡಿದದ್ದನ್ನು ಕಂಡವರಿಲ್ಲ. ಅವರ ಮನೆಯ ಗ್ಯಾರೇಜಿನ ಮುಂದೆ ಹಿಂದಿನ ಮಾಲೀಕರು ನೆಟ್ಟುಹೋದ ಬುಟ್ಟಿಯೊಂದು ಬಲೆ ಹರಿದು ನೇತಾಡುತ್ತಿದೆ. ಅವರ ಪ್ರೀತಿಯೆಲ್ಲ ಎಕ್ಸೆಲ್ ಹಾಳೆಯ ಮೇಲೆ. ಅಡ್ಡಸಾಲಿಗೆ ಸದಸ್ಯರ ಹೆಸರು, ಉದ್ದಸಾಲಿಗೆ ಪಂದ್ಯಗಳು, ಸರಿಯಾದ ಊಹೆಗೆ ಎಳೆಮಾವಿನ ಹಸುರು, ತಪ್ಪಿದ್ದಕ್ಕೆ ಕುಂಕುಮದ ಕೆಂಪು, ಹಣ ಕೊಡದವರ ಹೆಸರಿಗೆ ಮಾತ್ರ ಎಲ್ಲರ ಕಣ್ಣಿಗೂ ರಾಚುವಂಥ ಅರಿಶಿನ. ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ಬಾರೊಂದರಲ್ಲಿ 1977ರಲ್ಲಿ 88 ಮಂದಿ ತಲೆಗೆ ಹತ್ತು ಡಾಲರಿನಂತೆ ಹಾಕಿ ಆರಂಭಿಸಿದ ಪೂಲು, 2006ರ ಹೊತ್ತಿಗೆ 15 ಲಕ್ಷ ಡಾಲರನ್ನು ಮೀರಿ ಬೆಳೆದು, ಆ ಗಾತ್ರವೇ ಮುಳುವಾಗಿ ನಿಂತುಹೋದ ವೃತ್ತಾಂತವನ್ನು ಅವರು ವರ್ಷಕ್ಕೊಮ್ಮೆಯಾದರೂ ಹೇಳುತ್ತಾರೆ. ಕೇಳಿದವರೆಲ್ಲ ಬಹುಮಾನದ ಮೊತ್ತಕ್ಕೆ ಬಾಯಿ ಬಿಟ್ಟರೆ, ಹೇಳುವವರ ಕಣ್ಣು ಒದ್ದೆಯಾಗುವ ಕಾರಣವೇ ಬೇರೆ: “ಅಷ್ಟೊಂದು ಜನರ ಹತ್ತಿರ ಹತ್ತತ್ತು ಡಾಲರ್ ವಸೂಲು ಮಾಡಿದ್ದಾರಲ್ಲಾ ಸ್ವಾಮೀ, ಆ ಪುಣ್ಯಾತ್ಮ ಯಾರೋ!”

ವಸೂಲಾತಿಯ ವಿಷಯಕ್ಕೆ ಬಂದರೆ ಸಾಹೇಬರ ಕಲೆ ಪರಾಕಾಷ್ಠೆಗೆ ಏರುತ್ತದೆ. ಎರಡು ಲಕ್ಷ ಡಾಲರ್ ಸಂಬಳ ತರುವ, ಮಕ್ಕಳನ್ನು ಪಿಟೀಲಿನ ಪಾಠಕ್ಕೆ ಜರ್ಮನಿಯ ಕಾರಿನಲ್ಲಿ ಕರೆದೊಯ್ಯುವ ಸದ್ಗೃಹಸ್ಥರು, ಪೂಲಿನ ಪ್ರವೇಶಧನವಾದ ಹತ್ತು ಡಾಲರ್ ಕೊಡಬೇಕಾಗಿ ಬಂದಾಗ ಇದ್ದಕ್ಕಿದ್ದಂತೆ ಪರಮ ವಿರಕ್ತರಾಗಿಬಿಡುವುದನ್ನು ನಾನು ಪ್ರತ್ಯಕ್ಷ ಕಂಡಿದ್ದೇನೆ. ಭಾರತೀಯ ದಿನಸಿ ಅಂಗಡಿಯಲ್ಲಿ ಬೆಂಡೆಕಾಯಿಯ ರಾಶಿಯ ಮುಂದೆ ನಿಂತು, ಒಂದೊಂದರ ತುದಿಯನ್ನೂ ಮುರಿದು ಎಳಸೋ ಬಲಿತದ್ದೋ ಎಂದು ಪರೀಕ್ಷಿಸುತ್ತಿದ್ದ ಅಂಥವರೊಬ್ಬರ ಬೆನ್ನಿಗೆ ಸಾಹೇಬರು ಒಮ್ಮೆ ನಿಶ್ಶಬ್ದವಾಗಿ ಪ್ರತ್ಯಕ್ಷರಾದರು.

“ಏನ್ ಸಾರ್, ಸೌಖ್ಯವೇ? ಮನೇಲಿ ಎಲ್ಲಾ ಹೇಗಿದ್ದಾರೆ?”

“ಎಲ್ಲಾ ಚೆನ್ನಾಗಿದ್ದಾರೆ ಸಾರ್. ನಿಮ್ ಮೆಸೇಜು ನೋಡ್ದೆ. ಮನೆಗೆ ಹೋಗಿ ಫೋನಿನ ಜೆಲ್ ಆ್ಯಪಲ್ಲಿ ದುಡ್ಡು ಕಳಿಸಿಬಿಡ್ತೀನಿ.”

“ಅಯ್ಯೋ, ಅದಕ್ಕೇನು ಅವಸರ, ನಿಧಾನವಾಗಿ ಮಾಡಿ. ಫೋನು ಜೇಬಲ್ಲೇ ಇದೆ ಅಂತ ಕಾಣತ್ತೆ?”

ಬೆಂಡೆಕಾಯಿ ಬುಟ್ಟಿಗೆ ಬೀಳುವುದರೊಳಗಾಗಿ ಹಣವೂ ಬಿದ್ದಿತ್ತು. ಧ್ವನಿಯನ್ನು ಏರಿಸದೆ, ಮುಖದ ಮಂದಹಾಸವನ್ನು ಇಳಿಸದೆ, ಸಾಲಗಾರನೇ ತನ್ನ ಉದಾರಗುಣವನ್ನು ಮೆಚ್ಚಿಕೊಂಡು ಹಿಂದಿರುಗುವಂತೆ ಮಾಡುವ ಈ ವಿದ್ಯೆ ನಮ್ಮ ಎಷ್ಟು ಬ್ಯಾಂಕುಗಳಿಗೆ ಸಿದ್ಧಿಸಿದೆಯೋ ಕಾಣೆ.

ಸಾಹೇಬರು ಯಾವ ತಂಡದ ಅಭಿಮಾನಿ ಎಂಬುದು ಯಾರಿಗೂ ತಿಳಿಯದು. ಈ ಪ್ರಾಂತದಲ್ಲಿ ಇದು ಸಾಮಾನ್ಯವಾದ ಸಂಯಮವಲ್ಲ. ಡರ್ಹಮಿನ ಡ್ಯೂಕ್ ವಿಶ್ವವಿದ್ಯಾನಿಲಯಕ್ಕೂ ಚಾಪಲ್ ಹಿಲ್ಲಿನ ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯಕ್ಕೂ ನಡುವೆ ಇರುವುದು ಹತ್ತು ಮೈಲಿಯ ಆಸುಪಾಸಿನ ದಾರಿ, ಮತ್ತು ತಲೆಮಾರುಗಳ ಹಗೆ. ಇವೆರಡಕ್ಕೂ ತಗ್ಗದೆ ರಾಲಿಯಲ್ಲಿ ಎನ್.ಸಿ. ಸ್ಟೇಟ್ ಬೇರೆ ಇದೆ; 1983ರಲ್ಲಿ ಕೊನೆಯ ಕ್ಷಣದ ಬುಟ್ಟಿಯಿಂದ ಹ್ಯೂಸ್ಟನ್ನಿನ ವಿರುದ್ಧ ಗೆದ್ದು ಪಡೆದ ಪ್ರಶಸ್ತಿಯನ್ನು ಅದರ ಅಭಿಮಾನಿಗಳು ನಿನ್ನೆ ಮೊನ್ನೆಯದೆಂಬಂತೆ ನೆನೆಯುತ್ತಾರೆ. ಅಲ್ಲಿ ಎಂ.ಎಸ್. ಮುಗಿಸಿದ ಕನ್ನಡಿಗರು ಒಂದು ಪಕ್ಷ, ಮಗಳಿಗೆ ಚಾಪಲ್ ಹಿಲ್ಲಿನಲ್ಲಿ ಸೀಟು ದೊರೆತ ಮರುದಿನವೇ ತಿಳಿನೀಲಿ ಅಂಗಿ ತೊಟ್ಟವರು ಮತ್ತೊಂದು ಪಕ್ಷ. ಈ ನಡುವೆ ಸಾಹೇಬರು ಮಾತ್ರ ಹೈಕೋರ್ಟಿನ ನ್ಯಾಯಾಧೀಶರಂತೆ ಬಿಳಿಯ ಅಂಗಿ ತೊಟ್ಟು ಕೂಡುತ್ತಾರೆ.

ಅವರ ಮೇರುಕೃತಿ ನಿಯಮಾವಳಿ. ಮೊದಲು ಅರ್ಧ ಪುಟದಲ್ಲಿ ಮುಗಿಯುತ್ತಿದ್ದ ಇದು ಈಗ ಉಪನಿಯಮ, ವಿವರಣೆ, ಅಪವಾದಗಳ ಸಮೇತ ಒಂದು ಕಿರುಸಂಹಿತೆಯಾಗಿದೆ. ಮೂಲ ಲೆಕ್ಕ ಸರಳ: ಮೊದಲ ಸುತ್ತಿನ ಸರಿಯೂಹೆಗೆ ಒಂದಂಕ, ಮುಂದೆ ಸುತ್ತಿನಿಂದ ಸುತ್ತಿಗೆ ಇಮ್ಮಡಿಸುತ್ತ ಹೋಗಿ ಚಾಂಪಿಯನ್ನನನ್ನು ಹೇಳಿದವರಿಗೆ 32. ಇದರ ಮೇಲೆ ಸಿಡಿಲು ಬಡಿದದ್ದು 2018ರಲ್ಲಿ. ಹದಿನಾರನೆಯ ಶ್ರೇಯಾಂಕದ ತಂಡಗಳು ಒಂದನೆಯ ಶ್ರೇಯಾಂಕದವರ ಎದುರು 135 ಬಾರಿ ಆಡಿ 135 ಬಾರಿಯೂ ಸೋತಿದ್ದ ಪುರುಷರ ಪಂದ್ಯಾವಳಿಯಲ್ಲಿ, ಆ ಮಾರ್ಚ್ 16ರ ರಾತ್ರಿ, ನಮ್ಮದೇ ರಾಜ್ಯದ ಶಾರ್ಲೆಟ್ ನಗರದಲ್ಲಿ, ಬಾಲ್ಟಿಮೋರಿನ ಯು.ಎಂ.ಬಿ.ಸಿ. ಎಂಬ ತಂಡ ಇಡೀ ದೇಶದ ಅಗ್ರಗಣ್ಯ ವರ್ಜೀನಿಯಾವನ್ನು 74–54ರಿಂದ ಮಣಿಸಿತು. ನಮ್ಮ ಬಳಗದಲ್ಲಿ ಆ ಕಾಲೇಜಿನಲ್ಲೇ ಓದಿದವರೊಬ್ಬರು ಗುರುಕುಲದ ಋಣವೆಂದು ಅದರ ಹೆಸರನ್ನು ಬರೆದಿದ್ದರು. ಅಷ್ಟು ದೊಡ್ಡ ಭವಿಷ್ಯವಾಣಿಗೆ ದೊರೆತದ್ದು ಒಂದೇ ಒಂದಂಕ! ಅವರು ಹೂಡಿದ ವ್ಯಾಜ್ಯವನ್ನು ಸಾಹೇಬರು ಸಾವಧಾನವಾಗಿ ಆಲಿಸಿ, ವಿಷಯವನ್ನು ಪರಿಶೀಲನೆಗೆ ಇಟ್ಟುಕೊಂಡರು. ಪರಿಶೀಲನೆ ಹಲವು ವರ್ಷ ನಡೆಯಿತು. ನಡುವೆ 2020ರಲ್ಲಿ ಸಾಂಕ್ರಾಮಿಕದ ದೆಸೆಯಿಂದ ಪಂದ್ಯಾವಳಿಯೇ ರದ್ದಾಗಿ, ಮುಂಗಡ ಕೊಟ್ಟಿದ್ದ ಏಕೈಕ ಸದಸ್ಯರಿಗೆ ಹತ್ತು ಡಾಲರನ್ನು ಕ್ಷಮಾಪಣೆಯೊಡನೆ ಹಿಂದಿರುಗಿಸಲಾಯಿತು. ಆ ವರ್ಷದ ಬರಿದಾದ ಹಾಳೆಯೂ ಕಡತದಲ್ಲಿ ಜೋಪಾನವಾಗಿದೆ. ಕೊನೆಗೆ 2022ರಲ್ಲಿ ಹೊಸ ಉಪನಿಯಮ ಹೊರಬಿತ್ತು: ಕೆಳ ಶ್ರೇಯಾಂಕದವರು ಗೆಲ್ಲುವರೆಂದು ಸರಿಯಾಗಿ ಹೇಳಿದವರಿಗೆ, ಎರಡು ತಂಡಗಳ ಶ್ರೇಯಾಂಕಗಳ ಅಂತರದಷ್ಟು ಅಂಕ ಹೆಚ್ಚುವರಿಯಾಗಿ ಸಲ್ಲತಕ್ಕದ್ದು.

ಅದೇ ವಸಂತದಲ್ಲಿ ನಮ್ಮ ಸ್ನೇಹಿತರೊಬ್ಬರ ಅತ್ತೆಯವರು ಶಿವಮೊಗ್ಗದಿಂದ ಮಗಳ ಮನೆಗೆ ಬಂದಿದ್ದರು. ಬೇಸರ ಕಳೆಯಲೆಂದು ಅಳಿಯಂದಿರು ಅವರ ಹೆಸರಿನಲ್ಲಿಯೂ ಹತ್ತು ಡಾಲರ್ ಕಟ್ಟಿದರು. ಮೊಮ್ಮಗಳು ಒಂದೊಂದು ತಂಡದ ಲಾಂಛನವನ್ನೂ ಓದಿ ಹೇಳುವುದು, ಅಜ್ಜಿ ಹುಳಿಗೆ ತೊಗರಿಬೇಳೆ ಆರಿಸುತ್ತ ತೀರ್ಪು ಕೊಡುವುದು, ಹೀಗೆ ಬ್ರ್ಯಾಕೆಟ್ ತುಂಬುವ ಕಾರ್ಯ ಅಡುಗೆಮನೆಯಲ್ಲಿಯೇ ನೆರವೇರಿತು. ಡ್ಯೂಕ್ ತಂಡದವರು ನೀಲಿ ಪಿಶಾಚಿಗಳೆಂದು ತಿಳಿಯುತ್ತಲೇ, “ಸೋಮವಾರದ ದಿನ ಅದರ ಹೆಸರು ಬರೀಬೇಡ ಪುಟ್ಟಿ” ಎಂದು ಅವರನ್ನು ಮೊದಲ ಸುತ್ತಿನಲ್ಲಿಯೇ ಉಚ್ಚಾಟನೆ ಮಾಡಿದರು. ಎರಡನೆಯ ಶ್ರೇಯಾಂಕದ ಕೆಂಟಕಿಯದು ಕಾಡುಬೆಕ್ಕು, ಅದಕ್ಕೆ ಎದುರಾದ ಹದಿನೈದನೆಯ ಶ್ರೇಯಾಂಕದ ಸೇಂಟ್ ಪೀಟರ್ಸ್ ಎಂಬ ಜರ್ಸಿ ಸಿಟಿಯ ಪುಟ್ಟ ಕಾಲೇಜಿನದು ನವಿಲು. “ಬೆಕ್ಕು ಅಡ್ಡ ಬಂದ್ರೆ ಕೆಲಸ ಕೆಡತ್ತೆ. ನವಿಲು ಸಾಕ್ಷಾತ್ ಸುಬ್ರಹ್ಮಣ್ಯನ ವಾಹನ. ಅದನ್ನೇ ಬರಿ, ಕೊನೇವರೆಗೂ ಅದನ್ನೇ ಬರಿ.” ಕೊನೆಯವರೆಗೂ ಅದನ್ನೇ ಬರೆಯಲಾಯಿತು.

ಮಾರ್ಚ್ 17ರಂದು ನವಿಲು ಹೆಚ್ಚುವರಿ ಅವಧಿಯಲ್ಲಿ ಕೆಂಟಕಿಯನ್ನು 85–79ರಿಂದ ಕುಕ್ಕಿ ಕೆಡವಿದಾಗ ದೇಶವೆಲ್ಲ ಬೆರಗಾಯಿತು. ಎರಡು ದಿನದ ಮೇಲೆ ಮರ್ರಿ ಸ್ಟೇಟ್ ಉರುಳಿದಾಗ ನಮ್ಮ ಬಳಗ ಎಚ್ಚೆತ್ತಿತು. 25ರಂದು ಪರ್ಡ್ಯೂ 67–64ರಿಂದ ಸೋತಾಗ ಕಮಿಷನರ್ ಸಾಹೇಬರು ಊಟ ಬಿಟ್ಟರು. ಪರ್ಡ್ಯೂವಿನವರು ಬಾಯ್ಲರ್ ಕಟ್ಟುವವರೆಂದು ಕೇಳಿ, “ಹಂಡೆ ಮಾಡೋರಾ? ಪಾಪ, ಕಷ್ಟಜೀವಿಗಳು” ಎಂದು ಅಜ್ಜಿ ಮರುಗಿದರಂತೆ. ಆದರೆ ಲೆಕ್ಕ ಮರುಗಲಿಲ್ಲ. ಅಂತರಗಳು 13, 8, 12. ಮೂರು ಸುತ್ತಿನ ಮೂಲ ಅಂಕಗಳು ಏಳು. ನವಿಲೊಂದರಿಂದಲೇ ಒಟ್ಟು ನಲವತ್ತು! ಚಾಂಪಿಯನ್ನನನ್ನೇ ಹೇಳಿದವರಿಗೂ ಫೈನಲ್ ಪಂದ್ಯದಿಂದ ದೊರೆಯುವುದು 32. ಎರಡು ವಾರ ರಾತ್ರಿ ನಿದ್ದೆಗೆಟ್ಟು ಗಣಕದಿಂದ ಹತ್ತು ಸಾವಿರ ಪಂದ್ಯಾವಳಿಗಳನ್ನು ಆಡಿಸಿ ಬ್ರ್ಯಾಕೆಟ್ ತುಂಬಿದ್ದ ನಮ್ಮ ದತ್ತಾಂಶವಿಜ್ಞಾನಿ ಮಿತ್ರರು ಆ ವಾರ ಯಾರ ಫೋನನ್ನೂ ಎತ್ತಲಿಲ್ಲ. 27ರಂದು ನವಿಲು ಚಾಪಲ್ ಹಿಲ್ಲಿನವರಿಗೆ 69–49ರಿಂದ ಸೋತಿತಾದರೂ, ಅಷ್ಟು ಹೊತ್ತಿಗೆ ಅಜ್ಜಿಯವರನ್ನು ಹಿಂದಿಕ್ಕುವುದು ಅಸಾಧ್ಯವಾಗಿತ್ತು.

ಊರಿನಲ್ಲಿ ಯುಗಾದಿಯಾದ ಏಪ್ರಿಲ್ 2ರ ಶನಿವಾರವೇ ನ್ಯೂ ಆರ್ಲಿಯನ್ಸಿನಲ್ಲಿ ಡ್ಯೂಕ್ ಮತ್ತು ಚಾಪಲ್ ಹಿಲ್ ತಂಡಗಳ ಸೆಮಿಫೈನಲ್. ಅಷ್ಟು ವರ್ಷದ ಹಗೆಯಲ್ಲಿ ಈ ಪಂದ್ಯಾವಳಿಯ ಒಳಗೆ ಇಬ್ಬರೂ ಎದುರಾದದ್ದು ಅದೇ ಮೊದಲು. ಡ್ಯೂಕಿನ ತರಬೇತುದಾರ ಮೈಕ್ ಶಶೆವ್‌ಸ್ಕಿಯವರು 42 ಋತುಗಳ ಬಳಿಕ ನಿವೃತ್ತರಾಗುವವರಿದ್ದರು. ಅಂದು ಸೋತರೆ ಅಂದೇ ಕೊನೆ. ಬೇವು ಬೆಲ್ಲ ತಿಂದು, ಹೋಳಿಗೆ ಉಂಡು, ಸ್ನೇಹಿತರ ಮನೆಯಲ್ಲಿ ಎಲ್ಲರೂ ಟೀವಿಯ ಮುಂದೆ ನೆರೆದಿದ್ದೆವು. ಕೊನೆಯ ಅರ್ಧ ನಿಮಿಷದೊಳಗೆ ಚಾಪಲ್ ಹಿಲ್ಲಿನ ಕೇಲಬ್ ಲವ್ ದೂರದಿಂದ ಎಸೆದ ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಕೋಣೆಯಲ್ಲಿದ್ದವರೆಲ್ಲ ಎದ್ದು ನಿಂತರು. ಒಬ್ಬರ ಕೈಯ ಪಾಯಸ ಜಮಖಾನೆಯ ಪಾಲಾಯಿತು. ಸಾಹೇಬರು ಮಾತ್ರ ಮೂಲೆಯ ಸೋಫಾದಲ್ಲಿ ಲ್ಯಾಪ್‌ಟಾಪಿನ ಮೇಲೆ ಬಾಗಿ, ಹಿಂದಿನ ಪಂದ್ಯದ ಅಂಕಣದಲ್ಲಿ ಹಸುರಿನ ಛಾಯೆ ಸ್ವಲ್ಪ ಬೇರೆಯಾಗಿದೆಯಲ್ಲ ಎಂದು ಚಿಂತಾಕ್ರಾಂತರಾಗಿದ್ದರು. 81–77. “ಯಾರು ಗೆದ್ದಿದ್ದು?” ಎಂದು ಕೇಳಿ, ಬರೆದುಕೊಂಡರು.

ಏಪ್ರಿಲ್ 4ರ ರಾತ್ರಿ ಫೈನಲಿನಲ್ಲಿ ಕ್ಯಾನ್ಸಸ್ 72–69ರಿಂದ ಗೆದ್ದಿತು; ಪೂಲನ್ನು ಶಿವಮೊಗ್ಗ ಗೆದ್ದಿತು. ಪ್ರವೇಶಧನವನ್ನು ಸದಸ್ಯರೇ ಸ್ವತಃ ಪಾವತಿಸತಕ್ಕದ್ದೆಂಬ ಉಪನಿಯಮವನ್ನು ಹಿಡಿದು ಗಣಕದ ಮಿತ್ರರು ಆಕ್ಷೇಪಣೆ ಎತ್ತಿದರು. ಸಾಹೇಬರು ಒಂದು ರಾತ್ರಿ ವಿಚಾರಮಗ್ನರಾಗಿದ್ದು, ಅಳಿಯನು ಕೊಟ್ಟದ್ದು ಅತ್ತೆಯೇ ಕೊಟ್ಟಂತೆ ಎಂಬ ತೀರ್ಪನ್ನು ಸಕಾರಣವಾಗಿ ಬರೆದು ಎಲ್ಲರಿಗೂ ಕಳುಹಿಸಿ, ಇನ್ನೂರು ಚಿಲ್ಲರೆ ಡಾಲರನ್ನು ಕವರಿನಲ್ಲಿಟ್ಟುಕೊಂಡು ಖುದ್ದಾಗಿ ಹೋದರು. “ನಂಗ್ಯಾಕಪ್ಪಾ ಈ ದುಡ್ಡು? ಕುಕ್ಕೆಗೆ ಕಳಿಸಿಬಿಡು” ಎಂದರು ಅಜ್ಜಿ. “ಹಾಗೇ ಆಗಲಿ ಅಮ್ಮಾ. ಆದ್ರೆ ದೇವಸ್ಥಾನದ ರಸೀದಿ ಬಂದ್ಮೇಲೆ ನಂಗೊಂದು ಪ್ರತಿ ಬೇಕು, ಲೆಕ್ಕಕ್ಕೆ.” ರಸೀದಿ ಬಂತು, 2022ರ ಕಡತದಲ್ಲಿ ಈಗಲೂ ಇದೆ.

2024ರ ಮಾರ್ಚ್ 11ರಿಂದ ಉತ್ತರ ಕೆರೊಲಿನಾದಲ್ಲಿ ಫೋನಿನ ಮೂಲಕ ಪಣ ಕಟ್ಟುವುದು ಕಾನೂನುಬದ್ಧವಾಗಿದೆ. ಬಳಗದ ತರುಣರು ಕೆಲವರು ಅತ್ತ ವಾಲಿದ್ದಾರೆ. ಅಲ್ಲಿ ಹಣ ಕ್ಷಣಾರ್ಧದಲ್ಲಿ ಹೋಗುತ್ತದೆ, ಅಪರೂಪಕ್ಕೊಮ್ಮೆ ಬರುತ್ತದೆ, ಯಾರೂ ಬೆಂಡೆಕಾಯಿಯ ರಾಶಿಯ ಹಿಂದಿನಿಂದ ಬಂದು ಕುಶಲ ವಿಚಾರಿಸುವುದಿಲ್ಲ. ಸಾಹೇಬರು ಅದನ್ನು ಜೂಜೆಂದು ಕರೆಯುತ್ತಾರೆ. ತಮ್ಮದು ಏನೆಂದು ಕೇಳಿದರೆ ನಿಯಮಾವಳಿಯ ಮೊದಲನೆಯ ಪುಟವನ್ನು ತೋರಿಸುತ್ತಾರೆ.

ವಾಚಕರು ಅಮೆರಿಕದಲ್ಲಿ ನೆಲೆಸಿದವರಾಗಿದ್ದು, ತಮ್ಮ ಸ್ನೇಹವಲಯದಲ್ಲಿಯೂ ಇಂಥ ಕಮಿಷನರರೊಬ್ಬರು ಇದ್ದಲ್ಲಿ, ನನ್ನದೊಂದು ವಿಜ್ಞಾಪನೆ: ಅವರ ತಂಡ ಯಾವುದೆಂದು ಕೇಳಬೇಡಿ, ನಿಯಮಾವಳಿಯನ್ನು ಪೂರ್ತಿ ಓದಿದವರಂತೆ ತಲೆಯಾಡಿಸಿ, ಹತ್ತು ಡಾಲರನ್ನು ಮಾತ್ರ ಗುರುವಾರ ಮಧ್ಯಾಹ್ನದೊಳಗೆ ಕೊಟ್ಟುಬಿಡಿ.